ಪಾಪುನೂ ಕರು ಥರಾನೇ ಬರುತ್ತಾ ಅಮ್ಮಾ?

ಪ್ರಶ್ನೆ: ನನಗೀಗ ಆರು ತಿಂಗಳು. ಮೊದಲ ಮಗಳಿಗೆ ಏಳು ವರ್ಷ. ದಸರಾ ರಜೆಗೆ ಊರಿಗೆ ಹೋದಾಗ ಕೊಟ್ಟಿಗೆಯಲ್ಲಿ ಹಸು ಕರು ಹಾಕುವುದನ್ನು ನೋಡಿಬಿಟ್ಟಳು. ಅವತ್ತಿನಿಂದ ‘ಪಾಪುನೂ ಹಂಗೇ ಬರುತ್ತಾ?’ ಅಂತ ಒಂದೇ ಪ್ರಶ್ನೆ. ನಮ್ಮ ಅತ್ತೆ ‘ನಿನ್ನ ತೌಡು ಕೊಟ್ಟು ತಗೊಂಡಿದ್ದು’ ಅಂತ ಸಾಗಹಾಕುತ್ತಾರೆ. ನಮ್ಮ ಮನೆಯವರು ‘ಹೈಸ್ಕೂಲಿಗೆ ಬರಲಿ’ ಅನ್ನುತ್ತಾರೆ. ಯಾವ ವಯಸ್ಸಿಗೆ ಹೇಳಬೇಕು? (ಮಗಳು ಹುಟ್ಟಿದ್ದು ಆಪರೇಷನ್ ಆಗಿ.)
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಕರು ಹುಟ್ಟಿದ್ದನ್ನು ಕಣ್ಣಾರೆ ಕಂಡವಳ ಹತ್ತಿರ ತೌಡಿನ ಕಥೆ ಇನ್ನು ನಡೆಯೋಲ್ಲ. ನನ್ನನ್ನೂ ತೌಡಿಗೇ ತಂದಿದ್ದರಂತೆ. ತಮ್ಮನಿಗೆ ನನಗಿಂತ ಜಾಸ್ತಿ ತೌಡು ಕೊಟ್ಟಿರಬಹುದಾ ಅಂತ ಬಹಳ ದಿನ ಕೊರಗಿದ್ದೆ!

ಅವಳು ಕೇಳಿದ್ದಾಳೆ, ಹಾಗಾಗಿ ಈಗಲೇ ಹೇಳಿ. ಮಕ್ಕಳಿಗೆ ಲೈಂಗಿಕ ಶಿಕ್ಷಣ ಹೇಗೆ ಕೊಡಬೇಕು ಅನ್ನುವ ಯುನೆಸ್ಕೊ 2018ರ ಮಾರ್ಗಸೂಚಿಯಲ್ಲೂ ಈ ವಿಷಯ 5ರಿಂದ 8 ವರ್ಷದವರ ಪಾಲಿಗೇ ಬರುತ್ತದೆ. ಆದರೆ ಕೇಳಿದಷ್ಟಕ್ಕೇ ಹೇಳಿ. ಅವಳು ಕೇಳಿದ್ದು ಪಾಪು ಹೇಗೆ ಹೊರಗೆ ಬರುತ್ತೆ ಅಂತ. ನಾವು ಗಾಬರಿ ಬೀಳುವುದು ಅದು ಒಳಗೆ ಹೇಗೆ ಹೋಯಿತು ಅಂತ ಕೇಳಿದರೆ ಏನು ಗತಿ ಅಂತ, ಅಲ್ವಾ?

‘ಹೂಂ, ಸುಮಾರು ಹಂಗೇ’ ಅನ್ನಿ. ಹಸುವಿಗೂ ನಮಗೂ ಹೆಚ್ಚುಕಡಿಮೆ ಒಂದೇ ಲೆಕ್ಕ, ಒಂಬತ್ತು ತಿಂಗಳು. ಹೊಟ್ಟೆಯಲ್ಲಿದೆ ಅಂತಷ್ಟೇ ಅಂದರೆ ಅಮ್ಮ ಪಾಪುನ ನುಂಗಿದಳು ಅಂದುಕೊಳ್ಳುವ ಮಕ್ಕಳಿದ್ದಾರೆ. ಊಟ ಹೋಗೋ ಚೀಲ ಬೇರೆ, ಪಾಪು ಇರೋ ಚೀಲ ಬೇರೆ, ಅದರ ಹೆಸರು ಗರ್ಭಕೋಶ ಅಂತ ಹೇಳಿ. ‘ಆಪರೇಷನ್ ಮಾಡಿ ಗರ್ಭಕೋಶ ತೆಗೆದ್ರಂತೆ’ ಅಂತ ಜಗಲಿಯಲ್ಲಿ ಹೆಂಗಸರು ಮಾತಾಡುವುದನ್ನು ಅವಳು ಹೇಗೂ ಕೇಳಿರುತ್ತಾಳೆ. ಉಚ್ಚೆಯ ದಾರಿಗೂ ಕಕ್ಕದ ದಾರಿಗೂ ನಡುವೆ ಪಾಪು ಬರುವ ಇನ್ನೊಂದು ದಾರಿ ಇದೆ, ಆ ಹೊತ್ತಿಗೆ ಅದು ಹಿಗ್ಗುತ್ತೆ. ಇಷ್ಟು ಸಾಕು. ‘ನಾನೂ ಹಂಗೇ ಬಂದ್ನಾ?’ ಅಂದರೆ ಹೊಲಿಗೆಯ ಗುರುತು ತೋರಿಸಿ. ‘ನೀನು ಮಾತ್ರ ಕಿಟಕಿಯಿಂದ ಬಂದೆ’ ಅಂದರೆ ಕುಣಿದಾಡುತ್ತಾಳೆ.

ಒಳಗೆ ಹೇಗೆ ಹೋಯಿತು ಅನ್ನೋದೂ ಒಂದು ದಿನ ಬರುತ್ತದೆ. ಊರಿನ ಮಕ್ಕಳ ಬಾಯಲ್ಲಿ ಅದು ‘ಹಸೂಗೆ ಡಾಕ್ಟ್ರು ಬಂದು ಇಂಜೆಕ್ಷನ್ ಕೊಟ್ರಲ್ಲಾ, ನಿಂಗ್ಯಾರು ಕೊಟ್ರು?’ ಅಂತಲೂ ಬರಬಹುದು. ನಗು ತಡೆದುಕೊಳ್ಳಿ. ಅಮ್ಮನ ಮೈಯಲ್ಲಿ ಸಾಸಿವೆಗಿಂತ ಸಣ್ಣ ಮೊಟ್ಟೆ ಇರುತ್ತೆ, ಅಪ್ಪನ ಮೈಯಲ್ಲಿ ಕಣ್ಣಿಗೇ ಕಾಣದ ಬೀಜ ಇರುತ್ತೆ, ಎರಡೂ ಸೇರಿದರೆ ಪಾಪು ಅಂತ ಹೇಳಿದರೆ ಏಳು ವರ್ಷಕ್ಕೆ ಸಾಕು. ಹೇಗೆ ಸೇರುತ್ತೆ ಅಂತ ಪಟ್ಟು ಹಿಡಿದರೆ ‘ನಾಳೆ ಹೇಳ್ತೀನಿ’ ಅನ್ನಿ. ಆದರೆ ನಾಳೆ ಮರೆಯದೆ ಹೇಳಿ.

ನಿಮ್ಮ ಮನೆಯವರಿಗೆ ಇದನ್ನು ಹೇಳಿ: ಐದು, ಆರನೇ ಕ್ಲಾಸಿಗೇ ದೊಡ್ಡವರಾಗುವ ಹುಡುಗಿಯರು ಈಗ ಎಷ್ಟೋ ಮಂದಿ. ಬಟ್ಟೆಯ ಮೇಲೆ ರಕ್ತ ಕಂಡು ಮಗು ಶಾಲೆಯ ಬಚ್ಚಲಲ್ಲಿ ಹೆದರಿ ಕೂರುವ ಮೊದಲೇ ಅದೂ ಅವಳಿಗೆ ಗೊತ್ತಿರಬೇಕು. ಇನ್ನೊಂದು, ಯಾರಾದರೂ ಮುಟ್ಟಬಾರದ ಕಡೆ ಮುಟ್ಟಿದರೆ ಹೇಳಲು ಅವಳಿಗೆ ಮಾತು ಬೇಕಲ್ಲ? ಹೆಸರೇ ಗೊತ್ತಿಲ್ಲದ ಜಾಗದ ಬಗ್ಗೆ ಹೇಗೆ ದೂರು ಹೇಳುತ್ತಾಳೆ? ಮಕ್ಕಳ ಸಹಾಯವಾಣಿ 1098 ಅಂತಲೂ ಜೊತೆಗೇ ಕಲಿಸಿ.

ಅತ್ತೆಯವರ ಜೊತೆ ಜಗಳ ಬೇಡ. ‘ತೌಡಿನ ಕಥೆ ತಮಾಷೆಗೆ ಇರಲಿ ಅತ್ತೆ, ನಿಜ ನಾನು ಹೇಳಿದ್ದೀನಿ’ ಅಂದುಬಿಡಿ. ಹೆರಿಗೆ ಮಾಡಿಸಿಕೊಂಡವರು, ಮಾಡಿಸಿದವರು ಅವರು. ಅವರ ಹತ್ತಿರವೂ ಹೇಳೋಕೆ ಬೇಕಾದಷ್ಟಿದೆ.

ಇನ್ನೊಂದು ವಿಷಯ ಮರೆತಿದ್ದೆ. ಆ ಹಸು ನೋವಿಗೆ ಕೂಗಿರುತ್ತದೆ. ನಿಮ್ಮ ಮಗಳು ಮತ್ತೆ ಮತ್ತೆ ಕೇಳುತ್ತಿರುವುದು ನಿಮಗೂ ಹಂಗೇ ನೋವಾಗುತ್ತಾ ಅಂತಲೂ ಇರಬಹುದು. ಇವತ್ತು ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡು ಒಂದು ಸಲ ಕೇಳಿ ನೋಡಿ. ನೀವು ಆಸ್ಪತ್ರೆಯಲ್ಲಿರುವಾಗ ಅವಳು ಯಾರ ಹತ್ತಿರ ಮಲಗುತ್ತಾಳೆ ಅನ್ನೋದನ್ನೂ ಆಗಲೇ ಹೇಳಿ.