ಓದುಗರ ಪ್ರಶ್ನೆ, ನಮ್ಮ ಉತ್ತರ: ಮುಂಬಯಿಯಲ್ಲಿ ನೆನಪಿನಲ್ಲಿ ಉಳಿಯುವ ಊಟ

ಪ್ರಶ್ನೆ: ನಮ್ಮ ಅತ್ತೆ ಮಾವನವರ ಮದುವೆಗೆ ಈ ತಿಂಗಳು ಐವತ್ತು ವರ್ಷ ತುಂಬುತ್ತದೆ. ಮಾವನವರು ಉಡುಪಿ ಕಡೆಯವರು, ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲ. ಮಕ್ಕಳು ಇಲ್ಲಿಯೇ ಹುಟ್ಟಿ ಬೆಳೆದವರು, ಅವರಿಗೆ ಲೋವರ್ ಪರೇಲಿನ ಹೊಸ ರೆಸ್ಟೋರೆಂಟೇ ಆಗಬೇಕು. ಎಲ್ಲರಿಗೂ ಒಪ್ಪಿಗೆಯಾಗುವ, ನೆನಪಿನಲ್ಲಿಯೂ ಉಳಿಯುವ ಜಾಗವನ್ನು ಆರಿಸುವುದು ಹೇಗೆ? (ಓದುಗಿಯೊಬ್ಬರು, ಡೊಂಬಿವಲಿ)

ಉತ್ತರ: ಎಲ್ಲರಿಗೂ ಸಮನಾಗಿ ಒಪ್ಪಿಗೆಯಾಗುವ ಜಾಗವನ್ನು ಹುಡುಕಹೊರಟರೆ ಕೊನೆಗೆ ನೀವು ತಲುಪುವುದು ಇಡ್ಲಿಯಿಂದ ಹಿಡಿದು ಪಾವ್ ಭಾಜಿ, ಪನೀರ್ ಮಖ್ಖನಿ, ಹಕ್ಕಾ ನೂಡಲ್ಸ್‌ವರೆಗೆ ಎಲ್ಲವನ್ನೂ ಕೊಡುವ ದಪ್ಪ ಮೆನುವಿನ ಹೋಟೆಲಿಗೆ. ಅಂಥ ಹೋಟೆಲುಗಳನ್ನು ಈ ನಗರದ ಮೂಲೆ ಮೂಲೆಯಲ್ಲಿ ಕಟ್ಟಿ ನಿಲ್ಲಿಸಿದವರಲ್ಲಿ ನಮ್ಮ ಕರಾವಳಿಯವರೇ ಹೆಚ್ಚಾದ್ದರಿಂದ ಅವುಗಳನ್ನು ಹಳಿಯುವ ಧೈರ್ಯ ಈ ಅಂಕಣಕ್ಕಿಲ್ಲ. ಮಳೆಯಲ್ಲಿ ನೆನೆದು ಬಂದ ಸಂಜೆಗೆ, ಅಡುಗೆಗೆ ಬೇಸರ ಬಂದ ರಾತ್ರಿಗೆ ಅವುಗಳನ್ನು ಬಿಟ್ಟರೆ ಗತಿಯಿಲ್ಲ. ಐವತ್ತನೆಯ ವರ್ಷದ ಊಟಕ್ಕೆ ಮಾತ್ರ ಬೇರೆ ರೀತಿಯಲ್ಲಿ ಯೋಚಿಸಬೇಕು. ಆ ದಿನ ಯಾರದು ಎಂಬುದನ್ನು ಮೊದಲು ನಿಶ್ಚಯಿಸಿ, ಅವರಿಗೆ ಪ್ರಿಯವಾದದ್ದನ್ನು ಬೇರೆಲ್ಲರಿಗಿಂತ ಚೆನ್ನಾಗಿ ಮಾಡುವ ಹೋಟೆಲನ್ನು ಹುಡುಕಿ, ಉಳಿದವರು ಅದಕ್ಕೆ ಹೊಂದಿಕೊಳ್ಳುವುದೇ ಸರಿಯಾದ ಕ್ರಮ.

ದಿನ ನಿಮ್ಮ ಅತ್ತೆ ಮಾವನವರದು. ಆದ್ದರಿಂದ ನಮ್ಮ ಮೊದಲ ಸಲಹೆ ಮಾಟುಂಗ. ಸೆಂಟ್ರಲ್ ರೈಲ್ವೆಯ ಮಾಟುಂಗ ಸ್ಟೇಷನ್ನಿನ ಬಳಿ, ಮಾರ್ಕೆಟ್ ಕಟ್ಟಡದ ಮೊದಲ ಮಹಡಿಯಲ್ಲಿ, 1942ರಿಂದ ನಡೆದುಬಂದಿರುವ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆ ಎಲೆಯ ಮೇಲೆ ಊಟ ಬಡಿಸುತ್ತಾರೆ. ಅಲ್ಲಿ ಮೆನು ಓದಿ ತಲೆ ಕೆಡಿಸಿಕೊಳ್ಳುವ ಕೆಲಸವಿಲ್ಲ. ಎಲೆಯ ಮುಂದೆ ಕುಳಿತರೆ ಪಲ್ಯ, ಸಾರು, ಸಾಂಬಾರು, ಮಜ್ಜಿಗೆ ತಾವಾಗಿ ಬರುತ್ತವೆ. ಯಾವುದಕ್ಕೆ ಈರುಳ್ಳಿ ಬಿದ್ದಿದೆ ಎಂಬುದನ್ನು ಕುಳಿತುಕೊಳ್ಳುವ ಮೊದಲೇ ಗಲ್ಲಾದಲ್ಲಿ ವಿಚಾರಿಸಿಕೊಳ್ಳಿ. ಮಂಡಿನೋವು ಇರುವವರಿಗೆ ಮೆಟ್ಟಿಲು ತ್ರಾಸಾದೀತು. ಊಟಕ್ಕಿಂತ ತಿಂಡಿಯೇ ಇಷ್ಟವೆಂದಾದರೆ ಕಿಂಗ್ಸ್ ಸರ್ಕಲಿನ ಕೆಫೆ ಮದ್ರಾಸ್ ಇದೆ. 1940ರಲ್ಲಿ ಆರಂಭವಾದ, ಕಾಮತ್ ಕುಟುಂಬದವರು ನಡೆಸುವ ಈ ಹೋಟೆಲಿನ ರಸಂ ವಡೆ, ನೀರುದೋಸೆ, ರಾಗಿ ದೋಸೆಗಳಿಗಾಗಿ ಭಾನುವಾರ ಬೆಳಿಗ್ಗೆ ಫುಟ್‌ಪಾತಿನಲ್ಲಿ ಜನ ಸಾಲುಗಟ್ಟಿ ನಿಲ್ಲುತ್ತಾರೆ. ಎಪ್ಪತ್ತು ದಾಟಿದ ದಂಪತಿಯನ್ನು ಆ ಸಾಲಿನಲ್ಲಿ ನಿಲ್ಲಿಸಬೇಡಿ, ವಾರದ ನಡುವಿನ ದಿನವೊಂದರಲ್ಲಿ ಹೋಗಿ. ಮಾಟುಂಗದ ಹಲವು ಹೋಟೆಲುಗಳಿಗೆ ಸೋಮವಾರ ರಜೆ ಎಂಬುದೂ ನೆನಪಿರಲಿ. ಭಾನುವಾರವೇ ಆಗಬೇಕೆಂದರೆ ಡೊಂಬಿವಲಿಯವರಾದ ನೀವು ಹೋಟೆಲಿನ ವೇಳೆಗಿಂತ ಮೊದಲು ಮೆಗಾಬ್ಲಾಕಿನ, ಅಂದರೆ ಹಳಿ ದುರಸ್ತಿಗಾಗಿ ಲೋಕಲ್ ರೈಲುಗಳನ್ನು ತಡೆಯುವ ವೇಳೆಯ, ಪ್ರಕಟಣೆಯನ್ನು ನೋಡಬೇಕಾಗುತ್ತದೆ. ದಾದರಿನಲ್ಲಿ ಇಳಿದು ಟ್ಯಾಕ್ಸಿ ಹಿಡಿಯುವುದು ಹಿರಿಯರಿಗೆ ಹೆಚ್ಚು ಅನುಕೂಲ.

ಮಕ್ಕಳ ಆಸೆಯನ್ನು ಬೇರೊಂದು ದಿನಕ್ಕೆ ಇಟ್ಟುಕೊಳ್ಳಿ. ಲೋವರ್ ಪರೇಲಿನ ಕಮಲಾ ಮಿಲ್ಸ್ ಆವರಣದಲ್ಲಿ 2015ರಲ್ಲಿ ಆರಂಭವಾದ ದಿ ಬಾಂಬೆ ಕ್ಯಾಂಟೀನ್ ದೇಶದ ಬೇರೆ ಬೇರೆ ಪ್ರಾಂತಗಳ ಅಡುಗೆಗೆ ಹೊಸ ರೂಪ ಕೊಟ್ಟು ಹೆಸರು ಮಾಡಿದೆ. ಮಹಾಲಕ್ಷ್ಮಿಯ ಮಾಸ್ಕ್ ರೆಸ್ಟೋರೆಂಟಿನಲ್ಲಿ ನಿಗದಿತ ಕ್ರಮದಲ್ಲಿ ಒಂದರ ನಂತರ ಒಂದು ಪುಟ್ಟ ತಟ್ಟೆ ಬರುತ್ತದೆ; ಖರ್ಚು ದೊಡ್ಡದು, ಮುಂಗಡ ಬುಕಿಂಗ್ ಬೇಕು, ಎರಡು ತಾಸಿಗೂ ಹೆಚ್ಚು ಕುಳಿತಿರುವ ತಾಳ್ಮೆ ಬೇಕು. ಅಂದಹಾಗೆ ಮಾಳಿಗೆಯ ಮೇಲಿನ ರೆಸ್ಟೋರೆಂಟುಗಳಿಗೆ ಹೋದಾಗ ಹೊರಬರುವ ಎರಡನೆಯ ದಾರಿ ಎಲ್ಲಿದೆ ಎಂದು ಒಮ್ಮೆ ಕಣ್ಣು ಹಾಯಿಸಿ. 2017ರ ಡಿಸೆಂಬರಿನಲ್ಲಿ ಇದೇ ಕಮಲಾ ಮಿಲ್ಸ್ ಆವರಣದ ಮಾಳಿಗೆಯಲ್ಲಿ ಬೆಂಕಿ ಬಿದ್ದು 14 ಮಂದಿ ಸತ್ತಿದ್ದನ್ನು ನಗರ ಮರೆತಿಲ್ಲ.

ಹಿರಿಯರು ಮಕ್ಕಳ ಜೊತೆ ಬೇರೆ ಹೋಟೆಲಿಗೆ ಹೋಗಲೇಬೇಕಾಗಿ ಬಂದರೆ ಮುಂಬಯಿಯಲ್ಲಿ ಒಂದು ಸುಲಭೋಪಾಯವಿದೆ. ಆರ್ಡರ್ ಕೊಡುವಾಗ ‘ಜೈನ್’ ಎಂದು ಹೇಳಿದರೆ ಸಾಕು, ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ ಮಾಡಿಕೊಡುವುದು ಇಲ್ಲಿಯ ಅಡುಗೆಮನೆಗಳಿಗೆ ರೂಢಿಯಾಗಿದೆ. ಅದರೊಂದಿಗೆ ಆಲೂಗಡ್ಡೆ, ಕ್ಯಾರೆಟ್ಟುಗಳೂ ಹೋಗುತ್ತವೆ, ಅಷ್ಟೇ. ದಿನ ನಿಶ್ಚಯಿಸುವ ಮೊದಲು ಏಕಾದಶಿ ಯಾವಾಗ ಎಂದು ಪಂಚಾಂಗವನ್ನೂ ನೋಡಿ.

ಪ್ರಶ್ನೆ: ಶಿವಮೊಗ್ಗದಿಂದ ನಮ್ಮ ಅಕ್ಕ ಭಾವ ಮೂರು ದಿನಗಳ ಮಟ್ಟಿಗೆ ಬರುತ್ತಿದ್ದಾರೆ, ಇಬ್ಬರೂ ಸಸ್ಯಾಹಾರಿಗಳು. ಅವರನ್ನು ಮಾಟುಂಗಕ್ಕೇ ಕರೆದೊಯ್ಯಲೇ? (ಓದುಗರೊಬ್ಬರು, ಮುಲುಂಡ್)

ಉತ್ತರ: ಬೇಡ. ಊರಿನಲ್ಲಿ ದಿನವೂ ದೋಸೆ ತಿನ್ನುವವರಿಗೆ ಮುಂಬಯಿಯಲ್ಲಿ ದೋಸೆ ತಿನ್ನಿಸುವುದು ಇಲ್ಲಿ ನೆಲೆಸಿದ ನಮಗೆ ಹೆಮ್ಮೆಯಾದೀತು, ಬಂದವರಿಗೆ ಅದರಲ್ಲಿ ಹೊಸತೇನೂ ಇರುವುದಿಲ್ಲ. ಊರಿನಲ್ಲಿ ಸಿಗದ್ದನ್ನು ಕೊಡಿಸಿ.

ಒಂದು ಬೆಳಿಗ್ಗೆ ಅವರನ್ನು ಧೋಬಿ ತಲಾವಿನ ಕಯಾನಿ ಆಂಡ್ ಕಂಪನಿಗೆ ಕರೆದೊಯ್ಯಿರಿ. 1904ರ ಈ ಇರಾನಿ ಹೋಟೆಲಿನಲ್ಲಿ ನೋಡುವುದಕ್ಕೂ ಸಾಕಷ್ಟಿದೆ: ಹಳೆಯ ಮರದ ಕುರ್ಚಿಗಳು, ಚೌಕುಳಿ ಬಟ್ಟೆ ಹಾಸಿದ ಟೇಬಲುಗಳು, ಗಾಜಿನ ಕಪಾಟಿನಲ್ಲಿ ಕೇಕು ಬಿಸ್ಕತ್ತುಗಳು. ಬೆಣ್ಣೆ ಹಚ್ಚಿದ ಬನ್ ಮಸ್ಕಾವನ್ನು ಗಟ್ಟಿ ಸಿಹಿ ಚಹಾದಲ್ಲಿ ಅದ್ದಿದೊಡನೆ ಚಹಾದ ಮೇಲೆ ಬೆಣ್ಣೆಯ ಹನಿಗಳು ತೇಲತೊಡಗುತ್ತವೆ. ಮೊದಲ ಸಲ ನೋಡುವವರು ಮುಖ ಸಿಂಡರಿಸಬಹುದು, ಆದರೆ ಇರಾನಿ ಚಹಾದ ರುಚಿ ಇರುವುದೇ ಅಲ್ಲಿ. ಕೇಕು ಮತ್ತು ಮೊಟ್ಟೆಯ ವಿಚಾರದಲ್ಲಿ ಅಕ್ಕ ಭಾವ ಎಷ್ಟು ಕಟ್ಟುನಿಟ್ಟು ಎಂದು ಮೊದಲೇ ತಿಳಿದುಕೊಂಡರೆ ಒಳ್ಳೆಯದು.

ಮಧ್ಯಾಹ್ನದ ಊಟಕ್ಕೆ ಕಾಲಬಾದೇವಿಯ ಶ್ರೀ ಠಾಕರ್ ಭೋಜನಾಲಯ. 1945ರಷ್ಟು ಹಳೆಯದಾದ ಇಲ್ಲಿಯ ಗುಜರಾತಿ ಥಾಲಿಯಲ್ಲಿ ಬಿಸಿ ಫುಲ್ಕಾ ಬೇಡವೆಂದರೂ ತಟ್ಟೆಗೆ ಬೀಳುತ್ತಿರುತ್ತದೆ. ಸಾಕು ಎನ್ನುವುದಕ್ಕೆ ಅಂಗೈ ಅಡ್ಡ ಹಿಡಿಯಬೇಕು. ಸಿಹಿ ಹೊಂದಿದ ದಾಲು ಮಲೆನಾಡಿನವರಿಗೆ ಮೊದಲು ವಿಚಿತ್ರವೆನಿಸೀತು. ಸಂಜೆಗೆ ತಾರದೇವಿನ ಸ್ವಾತಿ ಸ್ನ್ಯಾಕ್ಸ್‌ನಲ್ಲಿ, ಅದು 1963ರಿಂದ ಇದೆ, ಬಾಳೆ ಎಲೆಗಳ ನಡುವೆ ಬೇಯಿಸಿದ ತೆಳುವಾದ ಪಾನ್ಕಿಯನ್ನು ಎಲೆಯಿಂದ ಬಿಡಿಸಿ ತಿನ್ನುವಾಗ ಅಕ್ಕನವರಿಗೆ ಊರಿನ ಅರಿಶಿನ ಎಲೆಯ ಕಡುಬು ನೆನಪಾಗದಿರದು. ದಾದರಿನಲ್ಲಿ ಪ್ರಕಾಶ್ ಹೋಟೆಲಿನ ಸಾಬುದಾಣಿ ವಡೆ ಮತ್ತು ಸಿಹಿ ಪಾನೀಯ ಪಿಯೂಷ್, ಆಸ್ವಾದ್ ಹೋಟೆಲಿನ ಥಾಲಿಪೀಠ್ ಮತ್ತು ಮಿಸಳ್ ಮರಾಠಿ ಮನೆಗಳ ರುಚಿಯನ್ನು ಪರಿಚಯಿಸುತ್ತವೆ. ಒಂದೇ ದಿನ ಇವೆಲ್ಲವನ್ನೂ ಮುಗಿಸುವ ಹಟ ಬೇಡ.

ಬಲ್ಲಾರ್ಡ್ ಎಸ್ಟೇಟಿನ ಬ್ರಿಟಾನಿಯಾವನ್ನೂ ಹೇಳದೆ ಬಿಡುವಂತಿಲ್ಲ. 1923ರ ಈ ಪಾರ್ಸಿ ಹೋಟೆಲು ಹೆಸರಾಗಿರುವುದು ಇರಾನಿನ ಹುಳಿ ಹಣ್ಣುಗಳನ್ನು ಉದುರಿಸಿದ ಬೆರಿ ಪುಲಾವಿಗೆ, ಅದು ತರಕಾರಿಯದೂ ಸಿಗುತ್ತದೆ. ಇದು ಮಧ್ಯಾಹ್ನದ ಊಟಕ್ಕೆ ಹೋಗುವ ಜಾಗ. ಒಂದು ಗಂಟೆಗೆ ಸುತ್ತಲಿನ ಆಫೀಸುಗಳು ಖಾಲಿಯಾಗಿ ಇಲ್ಲಿ ತುಂಬಿಕೊಳ್ಳುವುದರಿಂದ ಹನ್ನೆರಡರ ಸುಮಾರಿಗೇ ಹೋಗಿ ಕುಳಿತುಬಿಡಿ.

ಪ್ರಶ್ನೆ: ನಾವು ಮಂಗಳೂರಿನವರು. ಮೀನಿನ ಊಟಕ್ಕೆ ಫೋರ್ಟಿಗೆ ಹೋದರೆ ಕೆಲವೊಮ್ಮೆ ಬಿಲ್ಲು ನೋಡಿ ಎದೆ ಧಸಕ್ಕೆನ್ನುತ್ತದೆ. ಒಳ್ಳೆಯ ಲಂಚ್ ಹೋಮ್ ಗುರುತಿಸುವುದು ಹೇಗೆ? (ಓದುಗರೊಬ್ಬರು, ಮೀರಾ ರೋಡ್)

ಉತ್ತರ: ಮೆನುವಿನಲ್ಲಿ ಪಾಂಫ್ರೆಟ್, ಏಡಿ, ಸಿಗಡಿಗಳ ಎದುರು ದರದ ಬದಲು ‘ಎ.ಪಿ.ಎಸ್.’ ಎಂದಿದ್ದರೆ ಗಾತ್ರಕ್ಕೆ ತಕ್ಕ ಬೆಲೆ ಎಂದರ್ಥ. ಎದೆ ಧಸಕ್ಕೆನ್ನುವುದು ಅಲ್ಲಿಂದಲೇ. ಹಸಿ ಮೀನನ್ನು ತಟ್ಟೆಯಲ್ಲಿ ತಂದು ತೋರಿಸುವ ಕಡೆ ಅದನ್ನು ನೋಡಿ, ಬೆಲೆ ಕೇಳಿ, ಆಮೇಲೆ ಒಲೆಗೆ ಹೋಗಲು ಬಿಡಿ. ಇದರಲ್ಲಿ ಸಂಕೋಚ ಪಡುವಂಥದ್ದೇನೂ ಇಲ್ಲ. ಕಣ್ಣು ಮಂಕಾಗಿದ್ದರೆ ಬೇಡವೆನ್ನಿ, ಅದನ್ನು ಮಂಗಳೂರಿನವರಿಗೆ ಹೇಳಿಕೊಡಬೇಕಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಮಹಾರಾಷ್ಟ್ರದಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಎರಡು ತಿಂಗಳು ದೊಡ್ಡ ಅಂಜಲ್, ಪಾಂಫ್ರೆಟ್‌ಗಳಿಗೆ ದುಡ್ಡು ಸುರಿಯುವುದು ಜಾಣತನವಲ್ಲ. ಆಗ ಕೋರಿ ರೊಟ್ಟಿ ತಿನ್ನಿ.

ಗಸಿ ಮತ್ತು ನೀರುದೋಸೆಗೆ ಫೋರ್ಟಿನ ಮಹೇಶ್ ಲಂಚ್ ಹೋಮ್ ಮತ್ತು ಅಪೂರ್ವ ಹೋಟೆಲು ನಮ್ಮವರಿಗೆ ಹಳೆಯ ಪರಿಚಯದವು. ಕಾಲಾ ಘೋಡಾದ ತೃಷ್ಣಾ ಬೆಣ್ಣೆ, ಕಾಳುಮೆಣಸು, ಬೆಳ್ಳುಳ್ಳಿಯ ಏಡಿಗೆ ಹೆಸರಾಗಿದೆ. ಆದರೂ ನೆನಪಿನಲ್ಲಿ ಉಳಿಯುವ ಊಟ ಬೇಕಾದರೆ ಒಮ್ಮೆ ನಿಮ್ಮ ಗಸಿಯನ್ನು ಬಿಟ್ಟು ದಾದರಿನ ಮಾಲ್ವಣಿ ಖಾನಾವಳಿಗಳಲ್ಲಿ ಗರಿಗರಿಯಾದ ಬೊಂಬಿಲ್ ಮೀನಿನ ಫ್ರೈ, ಮರುವಾಯಿಯ ಸುಕ್ಕಾ, ಕೊನೆಗೆ ಪುನರ್ಪುಳಿಯ ಸೋಲ್ ಕಡಿ ತೆಗೆದುಕೊಳ್ಳಿ. ತೆಂಗಿನ ಕರಾವಳಿ ಒಂದೇ ಆದರೂ ಮಸಾಲೆ ಹುರಿಯುವ ಕೈ ಬೇರೆ.

ಪ್ರಶ್ನೆ: ಆ್ಯಪಿನಲ್ಲಿ ನಾಲ್ಕೂವರೆ ಅಂಕ ಇರುವ ಹೋಟೆಲನ್ನು ಕಣ್ಣು ಮುಚ್ಚಿ ನಂಬಬಹುದೇ? (ಓದುಗಿಯೊಬ್ಬರು, ಥಾಣೆ)

ಉತ್ತರ: ಝೊಮ್ಯಾಟೊದಲ್ಲಿ ಕುಳಿತು ಊಟ ಮಾಡಿದವರ ಅಂಕ ಬೇರೆ, ಡೆಲಿವರಿಯ ಅಂಕ ಬೇರೆ, ನೀವು ನೋಡುತ್ತಿರುವುದು ಯಾವುದೆಂದು ಖಚಿತಪಡಿಸಿಕೊಳ್ಳಿ. ಅಂಕಕ್ಕಿಂತಲೂ ಹಲವರು ಒಂದೇ ತಿನಿಸಿನ ಹೆಸರನ್ನು ಹೇಳುತ್ತಿದ್ದಾರೆಯೇ ಎಂಬುದು ಮುಖ್ಯ. ಬರೀ ಅಲಂಕಾರ, ದೀಪ, ಫೋಟೊಗಳನ್ನು ಹೊಗಳಿದ್ದರೆ ಹೊಟ್ಟೆ ತುಂಬಿಸಿಕೊಂಡೇ ಹೊರಡುವುದು ಕ್ಷೇಮ.

ಪ್ರಶ್ನೆ: ಬಿಲ್ಲಿನಲ್ಲಿ ಸೇವಾ ಶುಲ್ಕವೆಂದು ಶೇಕಡಾ 10 ಸೇರಿಸಿದ್ದರು. ಕೊಡಲೇಬೇಕೇ? (ಓದುಗರೊಬ್ಬರು, ವಾಶಿ)

ಉತ್ತರ: ಕೊಡಬೇಕಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಹೋಟೆಲಿನವರು ಅದನ್ನು ತಾವಾಗಿ ಬಿಲ್ಲಿಗೆ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲಿಯೂ ವಸೂಲು ಮಾಡುವಂತಿಲ್ಲ. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಇದನ್ನು ಎತ್ತಿಹಿಡಿದಿದೆ. ಜಿಎಸ್‌ಟಿ ಬೇರೆ ವಿಷಯ, ಅದನ್ನು ತೆರಲೇಬೇಕು. ಬಿಲ್ಲು ಕೈಗೆ ಬಂದಾಗ ಮ್ಯಾನೇಜರನ್ನು ಕರೆದು, ಧ್ವನಿ ಏರಿಸದೆ, ಆ ಸಾಲನ್ನು ತೆಗೆಯಲು ಹೇಳಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಬಡಿಸಿದ ಮಾಣಿಗೆ ಏನಾದರೂ ಕೊಡುವ ಮನಸ್ಸಿದ್ದರೆ ಅದನ್ನು ಅವನ ಕೈಯಲ್ಲಿಯೇ ಕೊಡಿ.