ಆಸ್ಪತ್ರೆಯಲ್ಲಿರುವ ದೊಡ್ಡಪ್ಪನನ್ನು ನೋಡಲು ಹೋಗುವಾಗ ಏನು ತಗೊಂಡು ಹೋಗಲಿ?

ಹಣ್ಣೋ, ಎಳನೀರೋ, ಹಾರ್ಲಿಕ್ಸೋ ಅಂತ ಕೇಳಿದ್ದೀರಿ. ಭಾನುವಾರ ಹೋಗ್ತಿದ್ದೀನಿ, ಎಷ್ಟು ಹೊತ್ತು ಕೂತರೆ ಸರಿ ಅಂತಲೂ ಕೇಳಿದ್ದೀರಿ. ಎಳನೀರು, ಭಾನುವಾರ. ಈ ಎರಡು ಪದ ಒಟ್ಟಿಗೆ ಕಂಡರೆ ನನಗೆ ಇವತ್ತಿಗೂ ಹೊಟ್ಟೆಯೊಳಗೆ ಏನೋ ಆಗುತ್ತದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮದು ತಿಪಟೂರು ಕಡೆ. ಕೊಬ್ಬರಿ ಸೀಮೆ. ನಮ್ಮಲ್ಲಿ ಸುಮ್ಮಸುಮ್ಮನೆ ಎಳನೀರು ಕೀಳುವುದಿಲ್ಲ. ಕಾಯಿ ಬಲಿಯಬೇಕು, ಅಟ್ಟ ಸೇರಬೇಕು, ತಿಂಗಳುಗಟ್ಟಲೆ ಇದ್ದು ಕೊಬ್ಬರಿ ಆಗಬೇಕು. ಎಳನೀರು ಕೆಡವುವುದು ನೆಂಟರು ಬಂದಾಗ, ಇಲ್ಲ ಯಾರಿಗಾದರೂ ಕಾಯಿಲೆ ಆದಾಗ. ಹಾಗಾಗಿ ಕಾಯಿಲೆಯವರಿಗೆ ಎಳನೀರು ಒಯ್ಯುವುದು ಅಂದರೆ ನಮಗೆ ದೊಡ್ಡ ಪ್ರೀತಿಯ ಕೆಲಸ.

ನನ್ನ ಸೋದರಮಾವನಿಗೆ ಸಕ್ಕರೆ ಕಾಯಿಲೆಯಿಂದ ಎರಡೂ ಕಿಡ್ನಿ ಹೋಗಿ ಡಯಾಲಿಸಿಸ್ ನಡೆಯುತ್ತಿತ್ತು. ಸೋಮವಾರ, ಬುಧವಾರ, ಶುಕ್ರವಾರ. ಒಂದು ಸಲಕ್ಕೆ 4 ಗಂಟೆ. ಡಯಾಲಿಸಿಸ್‌ಗೆ ಅಂತ ಕುತ್ತಿಗೆಗೆ ಹಾಕಿದ್ದ ಪೈಪಿಗೆ ಇನ್‌ಫೆಕ್ಷನ್ ಆಗಿ ಚಳಿಜ್ವರ ಬಂತು ಅಂತ ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದರು. ಜೊತೆಗಿದ್ದವರು ಅತ್ತೆ ಒಬ್ಬರೇ. ಮಗ ಹಗಲೆಲ್ಲ ಕೆಲಸಕ್ಕೆ ಹೋಗಿ ರಾತ್ರಿ ಬರುತ್ತಿದ್ದ.

ಹನ್ನೊಂದನೇ ದಿನ ನಾನು ಹೋದೆ. ಬೆಳಿಗ್ಗೆಯೇ ಆರು ಎಳನೀರು ಕೆಡವಿಸಿ, ಗೋಣಿಚೀಲಕ್ಕೆ ಹಾಕಿ, ಬಸ್ಸು ಹತ್ತಿದೆ. ಗೇಟಿನಲ್ಲಿ ಸೆಕ್ಯೂರಿಟಿಯವನು ಕಾಯಿಗೀಯಿ ಒಳಗೆ ಬಿಡಲ್ಲ ಅಂದ. ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ನಾನು ಬಿಡುವವನಲ್ಲ. ಹೊರಗೆ ಎಳನೀರು ಗಾಡಿಯವನ ಹತ್ತಿರ ಹೋಗಿ, ಅವನ ಮಚ್ಚಿನಲ್ಲೇ ನನ್ನ ಎಳನೀರು ಕೆತ್ತಿಸಿಕೊಂಡೆ. ಅವನು ಗೊಣಗಿಕೊಂಡೇ ಕೆತ್ತಿಕೊಟ್ಟ. ಒಂದು ಲೀಟರಿನ ಬಾಟಲಿ ತುಂಬಿಸಿದೆ. ನೀರಿನ ಬಾಟಲಿಯನ್ನು ಯಾರು ತಡೆಯುತ್ತಾರೆ?

ವಾರ್ಡಿನಲ್ಲಿ ಅತ್ತೆಯ ಪಕ್ಕದ ಸ್ಟೂಲಿನ ಮೇಲೆ ಅರ್ಧ ಲೀಟರಿನ ಇನ್ನೊಂದು ಬಾಟಲಿ ಇತ್ತು. ಅದರ ಮೈಮೇಲೆ ಪೆನ್ನಿನಲ್ಲಿ ಗೆರೆ ಎಳೆದು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಬರೆದಿದ್ದರು. ಮಾವ ದಿನಕ್ಕೆ ಕುಡಿಯಬೇಕಾದ ನೀರು ಅಷ್ಟೇ. ಅದನ್ನು ನಾನು ಕಣ್ಣಾರೆ ನೋಡಿದೆ. ಯಾಕೆ ಅಂತ ಕೇಳಲಿಲ್ಲ.

"ಬಂದ್ಯಾ? ಒಂದು ಹತ್ತು ನಿಮಿಷ ಕೂತ್ಕೊಂಡಿರು, ಕೆಳಗಡೆ ಹೋಗಿ ಇಂಜೆಕ್ಷನ್ ತರಬೇಕು" ಅಂತ ಅತ್ತೆ ಚೀಟಿ ಹಿಡಿದು ಹೋದರು. ಮಾವ ನನ್ನ ಚೀಲ ನೋಡಿದರು.

"ಏನೋ ತಂದಿದ್ದೀಯಾ?"

"ಎಳನೀರು ಮಾವ. ಬಾವಿ ಹತ್ತಿರ ನೀವೇ ನೆಟ್ಟಿದ್ರಲ್ಲ, ಆ ಮರದ್ದು."

"ನಿಮ್ಮತ್ತೆ ಬರೋದ್ರೊಳಗೆ ಕೊಡು."

ಈ ಮಾತು ಕೇಳಿದಾಗಲೇ ನನಗೆ ಗೊತ್ತಾಗಬೇಕಿತ್ತು ಅಲ್ವಾ? ಗೊತ್ತಾಯಿತು ಕೂಡ. ಆದರೂ ಕೊಟ್ಟೆ. ಎಷ್ಟೋ ದಿನದಿಂದ ನಾಲಗೆ ಒಣಗಿದ್ದ ಮನುಷ್ಯ. ಬಾಟಲಿಯಲ್ಲಿ ಬೆರಳುದ್ದ ಉಳಿಯಿತು, ಅಷ್ಟೇ. ಬಾಯಿ ಒರೆಸಿಕೊಂಡು "ಈಗ ಜೀವ ಬಂತು ಕಣೋ" ಅಂದರು. ನನಗೆ ಎಂಥ ಹೆಮ್ಮೆ ಅಂದರೆ, ಬಾಟಲಿಯನ್ನು ಚೀಲದೊಳಗೆ ಬಚ್ಚಿಡುವಾಗಲೂ ನಗುತ್ತಿದ್ದೆ.

ಏನು ತಪ್ಪಾಯಿತು ಅಂತ ಬಿಡಿಸಿ ಹೇಳುತ್ತೇನೆ. ಎಳನೀರಿನಲ್ಲಿ ಪೊಟ್ಯಾಸಿಯಂ ಅನ್ನೋ ಖನಿಜ ಜಾಸ್ತಿ. 100 ಮಿಲಿಗೆ ಸುಮಾರು 250 ಮಿಲಿಗ್ರಾಂ. ಒಂದು ಲೀಟರಿಗೆ ಲೆಕ್ಕ ಹಾಕಿ, ಎರಡೂವರೆ ಗ್ರಾಂ. ಡಯಾಲಿಸಿಸ್‌ನಲ್ಲಿರುವವರಿಗೆ ಊಟ, ತಿಂಡಿ, ಹಣ್ಣು ಎಲ್ಲ ಸೇರಿ ಇಡೀ ದಿನಕ್ಕೆ ಸಾಮಾನ್ಯವಾಗಿ ಹೇಳುವುದೇ ಎರಡು ಮೂರು ಗ್ರಾಂ. ನಮ್ಮ ನಿಮ್ಮ ಕಿಡ್ನಿ ಹೆಚ್ಚಾದದ್ದನ್ನು ಮೂತ್ರದಲ್ಲಿ ಕಳಿಸಿಬಿಡುತ್ತದೆ. ಮಾವನಿಗೆ ಅದನ್ನು ತೆಗೆಯುತ್ತಿದ್ದದ್ದು ಮೆಷೀನು. ಮೆಷೀನಿಗೆ ಹೋಗುತ್ತಿದ್ದದ್ದು ವಾರಕ್ಕೆ ಮೂರು ದಿನ. ಶುಕ್ರವಾರ ಆದ ಮೇಲೆ ಸೋಮವಾರದವರೆಗೆ ಇಲ್ಲ. ವಾರದಲ್ಲಿ ಅತಿ ಉದ್ದದ ಬಿಡುವು ಅದೇ, ಒಳಗೆ ಎಲ್ಲ ತುಂಬಿಕೊಂಡಿರುವುದು ಭಾನುವಾರ ಸಂಜೆಯೇ. ನಾವು ನೆಂಟರೆಲ್ಲ ದಂಡು ಕಟ್ಟಿಕೊಂಡು ಹೋಗುವುದೂ ಭಾನುವಾರ ಸಂಜೆಯೇ.

ಆದರೆ ನನ್ನ ನಿಜವಾದ ತಪ್ಪು ಇದಲ್ಲ.

ರಾತ್ರಿ ಒಂಬತ್ತರ ಹೊತ್ತಿಗೆ ಸ್ನೇಹಿತನ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಮಾವನ ಮಗನ ಫೋನು. "ಭಾವ, ಅಪ್ಪಂಗೆ ಕಾಲಲ್ಲಿ ಶಕ್ತಿನೇ ಇಲ್ಲ. ಎದೆಬಡಿತ ನಿಧಾನ ಆಗಿದೆಯಂತೆ. ಏನಾದ್ರೂ ತಿನ್ನೋಕೆ ಕುಡಿಯೋಕೆ ಕೊಟ್ರಾ ಅಂತ ಡಾಕ್ಟರ್ ಕೇಳ್ತಿದ್ದಾರೆ. ನೀವೇನಾದ್ರೂ ಕೊಟ್ರಾ?"

"ಇಲ್ಲ ಕಣೋ" ಅಂದೆ.

ಯಾಕೆ ಅಂದೆ ಅಂತ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅತ್ತೆಯ ಭಯ ಅಂತ ಹೇಳಬಹುದು. ಎಳನೀರಿನಿಂದ ಏನಾಗುತ್ತೆ ಬಿಡು ಅನ್ನೋ ಭಂಡ ಧೈರ್ಯವೂ ಇತ್ತು. ಎಲ್ಲಕ್ಕಿಂತ ಜಾಸ್ತಿ, ಅಷ್ಟು ದೂರದಿಂದ ಹೊತ್ತು ತಂದ ಪ್ರೀತಿ ವಿಷ ಆಯಿತು ಅಂತ ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ. ಫೋನಿಟ್ಟ ಮೇಲೆ ಅನ್ನ ಇಳಿಯಲಿಲ್ಲ. ಮೊಬೈಲಿನಲ್ಲಿ ಹುಡುಕಿ ನೋಡಿದೆ. ಓದಿ, ಕೈ ನಡುಗಿ, ವಾಪಸ್ ಫೋನ್ ಮಾಡುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು.

ಅಷ್ಟರಲ್ಲಿ ಇಸಿಜಿ ಮತ್ತು ರಕ್ತದ ರಿಪೋರ್ಟೇ ಹೇಳಿತ್ತು. ಪೊಟ್ಯಾಸಿಯಂ 3.5ರಿಂದ 5ರೊಳಗೆ ಇರಬೇಕಾದದ್ದು 7 ದಾಟಿತ್ತು. ಹೃದಯ ನಿಂತುಬಿಡಬಹುದಾದ ಮಟ್ಟ ಅದು. ಹೃದಯ ಕಾಪಾಡಲು ಕ್ಯಾಲ್ಸಿಯಂ ಇಂಜೆಕ್ಷನ್, ಪೊಟ್ಯಾಸಿಯಂ ಜೀವಕೋಶದೊಳಗೆ ತಳ್ಳಲು ಗ್ಲೂಕೋಸ್ ಜೊತೆ ಇನ್ಸುಲಿನ್, ನಡುರಾತ್ರಿ ಡಯಾಲಿಸಿಸ್. ಎರಡು ದಿನ ಐಸಿಯು. ಮಾವ ಉಳಿದರು.

ಹಾಗಾದರೆ ನನ್ನ ಸುಳ್ಳಿನಿಂದ ಏನು ನಷ್ಟ ಆಯಿತು ಅಂತೀರಾ? ಆ ಮುಕ್ಕಾಲು ಗಂಟೆ ಬೈಗುಳ ತಿಂದವರು ಅತ್ತೆ. ನಾನು ಏನೂ ಕೊಟ್ಟಿಲ್ಲ ಅಂದ ಮೇಲೆ ಉಳಿದವರು ಅವರೊಬ್ಬರೇ ತಾನೇ? ಹನ್ನೊಂದು ದಿನ ಗೆರೆ ಎಳೆದು, ನೀರನ್ನು ಚಮಚದ ಲೆಕ್ಕದಲ್ಲಿ ಕೊಟ್ಟವರನ್ನು ಡಾಕ್ಟರ್ ಇಡೀ ವಾರ್ಡಿನ ಮುಂದೆ "ಏನು ಕೊಟ್ರಮ್ಮಾ, ನಿಜ ಹೇಳಿ" ಅಂತ ಗದರಿದರಂತೆ. ಅವರು ದೇವರ ಮೇಲೆ ಆಣೆ ಮಾಡಿ ಅತ್ತರಂತೆ.

ಮಾರನೇ ದಿನ ಐಸಿಯು ಬಾಗಿಲಲ್ಲಿ ಸಿಕ್ಕಾಗ ಅತ್ತೆ ಅಂದದ್ದು ಇಷ್ಟೇ. "ಕುಡಿಸಿದ್ದಕ್ಕೆ ಬೇಜಾರಿಲ್ಲ ಕಣಪ್ಪಾ. ಅವರೇ ಕೇಳಿರ್ತಾರೆ. ಇಲ್ಲ ಅಂದ್ಯಲ್ಲ."

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಏನು ತಗೊಂಡು ಹೋಗಲಿ ಅನ್ನೋ ಪ್ರಶ್ನೆಯೇ ಸರಿಯಿಲ್ಲ, ಬೇಜಾರು ಮಾಡ್ಕೋಬೇಡಿ. ದೊಡ್ಡಪ್ಪನಿಗೆ ಏನಾಗಿದೆ ಅಂತಲೇ ನೀವು ಬರೆದಿಲ್ಲ. ಆಪರೇಷನ್ ಇದ್ದರೆ ಒಂದು ತೊಟ್ಟೂ ಕುಡಿಯುವ ಹಾಗಿಲ್ಲದಿರಬಹುದು. ಕ್ಯಾನ್ಸರಿಗೆ ಕಿಮೋ ಆಗುತ್ತಿದ್ದರೆ ಬಿಳಿ ರಕ್ತಕಣ ಇಳಿದಿರಬಹುದು, ನಿಮ್ಮ ಸಣ್ಣ ನೆಗಡಿಯೇ ಅವರಿಗೆ ದೊಡ್ಡದು. ಮೋಸಂಬಿ, ಬಾಳೆಹಣ್ಣು ಅಂದರೆ ಕಿಡ್ನಿಯವರಿಗೆ ಮತ್ತೆ ಅದೇ ಪೊಟ್ಯಾಸಿಯಂ ಕಥೆ. ರೋಗಿಗೆ ಅಂತ ತಿನ್ನುವುದು ಕುಡಿಯುವುದು ಏನನ್ನೂ ಒಯ್ಯಬೇಡಿ. ಬರಿಗೈಲಿ ಹೋಗಬಾರದು ಅಂತ ಮನೆಯಲ್ಲಿ ಹಿರಿಯರು ಅಂದೇ ಅನ್ನುತ್ತಾರೆ. ಹಾಗಿದ್ದರೆ ದೊಡ್ಡಮ್ಮನಿಗೆ ತಗೊಂಡು ಹೋಗಿ.

ಹೌದು, ದೊಡ್ಡಮ್ಮನಿಗೆ. ನನ್ನ ಪ್ರಕಾರ ಆಸ್ಪತ್ರೆಗೆ ಹೋಗುವುದೇ ಜೊತೆಗಿರುವವರನ್ನು ನೋಡಲು. ರೋಗಿಗೆ ಮಂಚ, ನರ್ಸು, ಹೊತ್ತಿಗೆ ಊಟ ಇರುತ್ತದೆ. ಜೊತೆಯವರಿಗೆ ಒಂದು ಸ್ಟೂಲು, ಒಂದು ಪಾಸು. ಮಂಚದ ಕೆಳಗೆ ಚಾಪೆ ಹಾಸಿಕೊಂಡರೆ ಅದೇ ಹಾಸಿಗೆ. ಹೋಗುವ ಮೊದಲು ಅವರಿಗೆ ಫೋನ್ ಮಾಡಿ ಏನು ಬೇಕು ಅಂತ ಕೇಳಿ. "ಏನೂ ಬೇಡ ಬಾ" ಅಂತಾರೆ. ನಂಬಬೇಡಿ. ಮೊಸರನ್ನ, ಉಪ್ಪಿನಕಾಯಿ, ಉದ್ದ ವೈರಿನ ಚಾರ್ಜರು, ಒಗೆದ ಟವೆಲು, ಒಂದಿಷ್ಟು ಚಿಲ್ಲರೆ ಒಯ್ಯಿರಿ. ದುಡ್ಡು ಕೊಡುವುದಿದ್ದರೆ ಕವರನ್ನು ಅವರ ಕೈಗೇ ಕೊಡಿ, ತಲೆದಿಂಬಿನ ಕೆಳಗೆ ತುರುಕಬೇಡಿ. ಆಪರೇಷನ್‌ಗೆ ರಕ್ತ ಬೇಕು ಅಂತ ಕೇಳಿದ್ದರೆ, ನೀವು ಕೊಡಬಹುದಾದವರಾಗಿದ್ದರೆ, ಅದಕ್ಕಿಂತ ದೊಡ್ಡದು ಇಲ್ಲ.

ಎಷ್ಟು ಹೊತ್ತು ಅಂದರೆ, ದೊಡ್ಡಪ್ಪನ ಹತ್ತಿರ ಮಾತಾಡಲು ಹತ್ತು ನಿಮಿಷ ಸಾಕು. ಆಮೇಲೆ ದೊಡ್ಡಮ್ಮನನ್ನು ಸ್ನಾನಕ್ಕೆ, ಊಟಕ್ಕೆ, ಒಂದು ನಿದ್ದೆಗೆ ಕಳಿಸಿ ಎರಡು ಗಂಟೆ ಸುಮ್ನೆ ಕೂತಿರಿ. ಬಾಯಿ ಮುಚ್ಚಿಕೊಂಡು. ಪಕ್ಕದೂರಿನ ಇಂಥವರಿಗೂ ಇದೇ ಆಗಿತ್ತು, ಪಾಪ ಹೋಗ್ಬಿಟ್ರು ಅನ್ನೋ ಕಥೆ ಬೇಡ. ನಾಟಿ ಔಷಧಿ ಸಲಹೆ ಬೇಡ. ಊರಿನವರಿಗೆಲ್ಲ ವಿಡಿಯೋ ಕಾಲ್ ಹಚ್ಚಿ ಮುಖ ತೋರಿಸುವುದಂತೂ ಬೇಡವೇ ಬೇಡ. ದೊಡ್ಡಪ್ಪ ಗುಟ್ಟಾಗಿ ಏನಾದರೂ ಕೇಳಿದರೆ ನರ್ಸನ್ನು ಕೇಳಿ ಬರುತ್ತೇನೆ ಅನ್ನಿ, ಕೇಳಿಯೂ ಬನ್ನಿ. ಅಕಸ್ಮಾತ್ ಕೊಟ್ಟೇಬಿಟ್ಟಿರಾ? ಆ ಕ್ಷಣವೇ ಹೇಳಿ. ಬೈಸಿಕೊಳ್ಳಿ.

ಮಾವ ಅದಾದ ಮೇಲೆ ನಾಲ್ಕು ವರ್ಷ ಇದ್ದರು. ಎಷ್ಟೋ ಸಲ ಅಡ್ಮಿಟ್ ಆದರು, ಎಷ್ಟೋ ಸಲ ನಾನು ಹೋಗಿ ಕೂತೆ. ಪ್ರತಿ ಸಲವೂ ಮಾವ ನಗುತ್ತಾ "ಬಾಟಲಿ ಎಲ್ಲೋ?" ಅಂತ ಕೇಳುತ್ತಿದ್ದರು. ಅತ್ತೆ ನಗುತ್ತಿರಲಿಲ್ಲ. ನನ್ನ ಚೀಲ ಬಿಚ್ಚಿ, ತಳದವರೆಗೂ ಕೈ ಹಾಕಿ ನೋಡಿ, ಆಮೇಲೇ ಸ್ನಾನಕ್ಕೆ ಹೋಗುತ್ತಿದ್ದರು.