ಹಳೆ ಟೇಬಲ್ ಸಾ: ಮೋಟಾರ್ ಬದಲಾಯಿಸುವ ಮೊದಲು ಬೇರಿಂಗ್ ನೋಡಿ

ಪ್ರಶ್ನೆ: ಕೆಲಸ ನಿಲ್ಲಿಸಿದ ಬಡಗಿಯೊಬ್ಬರಿಂದ 10 ಇಂಚಿನ ಬ್ಲೇಡಿನ ಹಳೆ ಟೇಬಲ್ ಸಾ (ಟೇಬಲ್ಲಿಗೆ ಜೋಡಿಸಿದ ಗುಂಡು ಗರಗಸ) ಕೊಂಡಿದ್ದೇನೆ. ಬೆಲ್ಟ್ ಮೇಲೆ ಓಡುವಂಥದ್ದು. ಎರಕದ ಕಬ್ಬಿಣದ ಟೇಬಲ್ ತುಕ್ಕು ಹಿಡಿದಿದೆ. ಸ್ವಿಚ್ ಹಾಕಿದರೆ ಗರಗರ ಸದ್ದು, ಇಡೀ ಮಿಷನ್ ನಡುಗುತ್ತದೆ. ಹಲಗೆ ಸೀಳಿದರೆ ಅಂಚು ಸುಟ್ಟು ಕಪ್ಪಾಗುತ್ತದೆ. ಮೋಟಾರ್ ಹೋಗಿದೆ, ಹೊಸದು ಹಾಕಿ ಅಂತ ಒಬ್ಬರು ಹೇಳಿದರು. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೋಟಾರಿಗೆ ಈಗಲೇ ದುಡ್ಡು ಹಾಕಬೇಡಿ. ನೀವು ಬರೆದಿರುವ ಲಕ್ಷಣ ನೋಡಿದರೆ ಬೇರಿಂಗ್ ಮತ್ತು ಬೆಲ್ಟ್ ಮೇಲೆ ನನಗೆ ಮೊದಲ ಅನುಮಾನ. ತುಕ್ಕು ಕಣ್ಣಿಗೆ ಹೊಡೆಯುತ್ತದೆ, ಹಾಗಾಗಿ ಎಲ್ಲರೂ ಮೊದಲು ಟೇಬಲ್ ಉಜ್ಜಲು ಕೂರುತ್ತಾರೆ. ಅದು ಕೊನೆಗೆ ಮಾಡುವ ಕೆಲಸ.

ಪ್ಲಗ್ ಕಿತ್ತು ಕಣ್ಣೆದುರಿಗೇ ಇಟ್ಟುಕೊಳ್ಳಿ. ಸ್ವಿಚ್ ಆರಿಸಿದರೆ ಸಾಲದು. ಟೇಬಲ್ ಕೆಳಗೆ ಟಾರ್ಚ್ ಬಿಟ್ಟು, ಬ್ಲೇಡನ್ನು ಹೊತ್ತು ನಿಂತಿರುವ ಎರಕದ ಭಾಗಗಳನ್ನು ಚೆನ್ನಾಗಿ ನೋಡಿ. ಅಲ್ಲಿ ಬಿರುಕು ಇದ್ದು, ಆ ಭಾಗ ಬೇರೆ ಸಿಗದಿದ್ದರೆ ಈ ಸಾ ಮೇಲೆ ಇನ್ನು ಖರ್ಚು ಮಾಡಬೇಡಿ. ಉಳಿದದ್ದೆಲ್ಲ ಸರಿಮಾಡಬಹುದು.

ಈಗ ಬ್ಲೇಡ್ ಬಿಚ್ಚಿ. ಬ್ಲೇಡ್ ಓಡುವ ದಿಕ್ಕಿಗೇ ನಟ್ ತಿರುಗಿಸಿದರೆ ಸಡಿಲವಾಗುತ್ತದೆ. ಎಡಕ್ಕೋ ಬಲಕ್ಕೋ ಅಂತ ಊಹಿಸಿ ಜೋರು ಮಾಡಿದರೆ ಥ್ರೆಡ್ ಹಾಳಾಗುತ್ತದೆ. ಬೆಲ್ಟನ್ನೂ ತೆಗೆದು, ಬ್ಲೇಡ್ ಕೂರುವ ಶಾಫ್ಟನ್ನು, ಅಂದರೆ ಆರ್ಬರನ್ನು, ಕೈಯಲ್ಲಿ ನಿಧಾನವಾಗಿ ತಿರುಗಿಸಿ. ಒಳಗೆ ಮರಳು ಸಿಕ್ಕಂತೆ ಅನ್ನಿಸುತ್ತದಾ? ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಆಟ ಕೊಡುತ್ತದಾ? ಎರಡರಲ್ಲಿ ಒಂದಿದ್ದರೂ ಬೇರಿಂಗ್ ಸವೆದಿದೆ. ಆಮೇಲೆ ಮೋಟಾರ್ ಪುಲ್ಲಿಯ ಸ್ಕ್ರೂ ಬಿಗಿಯಾಗಿದೆ ಅಂತ ಖಾತ್ರಿ ಮಾಡಿಕೊಂಡು, ಬೆಲ್ಟ್ ಇಲ್ಲದೆ ಮೋಟಾರ್ ಒಂದನ್ನೇ ಸ್ವಲ್ಪ ಹೊತ್ತು ಓಡಿಸಿ. ಸದ್ದಿಲ್ಲದೆ ಓಡಿದರೆ ಮೋಟಾರ್ ಚೆನ್ನಾಗಿದೆ ಅಂತಲೇ ಲೆಕ್ಕ. ಗರಗರ ಅಂದರೂ ಹೆಚ್ಚಾಗಿ ಅದರ ಬೇರಿಂಗ್ ಬದಲಿಸಿದರೆ ಸಾಕಾಗುತ್ತದೆ. ಮೋಟಾರ್ ತಿರುಗದೆ ಬರೀ ಗುಂಯ್ ಅಂದರೆ ಮೋಟಾರ್ ಶುರುವಾಗಲು ಒತ್ತು ಕೊಡುವ ಸ್ಟಾರ್ಟಿಂಗ್ ಕೆಪಾಸಿಟರ್ ಹೋಗಿರಬಹುದು, ಇಲ್ಲವೇ ಒಳಗಿನ ಸ್ವಿಚ್ಚಿಗೆ ಮರದ ಪುಡಿ ತುಂಬಿರಬಹುದು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ. ಅದನ್ನು ಎಲೆಕ್ಟ್ರಿಷಿಯನ್ ಕೈಗೇ ಬಿಡಿ.

ಹೊಸ ಬೇರಿಂಗಿಗೆ ಕಂಪನಿಯ ಬಿಡಿಭಾಗವೇ ಬೇಕು ಅಂತಿಲ್ಲ. ಹಳೆಯದರ ಪಕ್ಕದಲ್ಲೇ ನಂಬರ್ ಕೆತ್ತಿರುತ್ತದೆ. ಉದಾಹರಣೆಗೆ 6203 ಅಂತಿದ್ದರೆ ಒಳಗಿನ ತೂತು 17 ಮಿ.ಮೀ., ಹೊರ ಅಳತೆ 40, ದಪ್ಪ 12. ಯಾವ ಕಂಪನಿ ಮಾಡಿದರೂ ಅಳತೆ ಇದೇ. ನಂಬರ್ ಜೊತೆ 2ಆರ್‌ಎಸ್ ಅಂತಿರುವುದನ್ನೇ ಕೇಳಿ. ಅದಕ್ಕೆ ಎರಡೂ ಕಡೆ ರಬ್ಬರ್ ಸೀಲ್ ಇರುತ್ತದೆ, ಮರದ ಪುಡಿ ಒಳಗೆ ಹೋಗುವುದಿಲ್ಲ.

ಕೂರಿಸುವಾಗ ಅವಸರ ಬೇಡ. ಶಾಫ್ಟ್ ಮೇಲೆ ಏರಿಸುವಾಗ ಒಳ ರಿಂಗನ್ನು ಮಾತ್ರ ಒತ್ತಬೇಕು, ಗೂಡಿಗೆ ಇಳಿಸುವಾಗ ಹೊರ ರಿಂಗನ್ನು ಮಾತ್ರ. ತಪ್ಪು ರಿಂಗಿಗೆ ಪೆಟ್ಟು ಬಿದ್ದರೆ ಒತ್ತಡವೆಲ್ಲ ಗುಂಡುಗಳ ಮೇಲೆ ಬಿದ್ದು ಗುಳಿ ಬೀಳುತ್ತದೆ. ಆಗ ಹೊಸ ಬೇರಿಂಗೂ ಮೊದಲ ದಿನದಿಂದಲೇ ಸದ್ದು ಮಾಡುತ್ತದೆ. ಆರ್ಬರ್ ಹೊರತೆಗೆಯುವಾಗ ತುದಿಗೆ ನಟ್ ಹಾಕಿ, ಮೇಲೆ ಮರದ ತುಂಡು ಇಟ್ಟು ತಟ್ಟಿ. ಬರೀ ಥ್ರೆಡ್ ಮೇಲೆ ಸುತ್ತಿಗೆ ಬೀಳಬಾರದು. ಬ್ಲೇಡ್ ಒರಗುವ ತಟ್ಟೆಯನ್ನೂ ಇದೇ ಹೊತ್ತಿಗೆ ಶುಚಿ ಮಾಡಿಬಿಡಿ. 50 ಮಿ.ಮೀ. ಅಗಲದ ತಟ್ಟೆಯ ಅಂಚಿನಲ್ಲಿ 0.02 ಮಿ.ಮೀ. ಓಲಾಟ ಇದ್ದರೆ 250 ಮಿ.ಮೀ. ಬ್ಲೇಡಿನ ಹಲ್ಲಿನ ಹತ್ತಿರ ಅದು 0.1 ಆಗುತ್ತದೆ. ಒಂದು ಚೂರು ತುಕ್ಕೂ ಸಾಕು, ಅಲ್ವಾ?

ತುಂಬಾ ದಿನ ನಿಂತ ಬೆಲ್ಟ್ ಪುಲ್ಲಿಯ ಆಕಾರಕ್ಕೇ ಬಗ್ಗಿ ಗಟ್ಟಿಯಾಗಿರುತ್ತದೆ. ನಡುಕಕ್ಕೆ ಇದೂ ಒಂದು ದೊಡ್ಡ ಕಾರಣ. ಹೊಸದು ಹಾಕಿ. ಎರಡು ಮೂರು ಬೆಲ್ಟ್ ಓಡುವ ಸಾ ಆದರೆ ಎಲ್ಲವನ್ನೂ ಒಟ್ಟಿಗೇ ಬದಲಿಸಬೇಕು. ಎರಡೂ ಪುಲ್ಲಿಗಳಿಗೆ ನೇರ ಪಟ್ಟಿ ಹಿಡಿದು ಒಂದೇ ಸಾಲಿನಲ್ಲಿವೆಯಾ ನೋಡಿಕೊಳ್ಳಿ.

ಅಂಚು ಸುಡುವುದಕ್ಕೆ ಮೊಂಡು ಬ್ಲೇಡ್ ಕಾರಣ ಇರಬಹುದು, ಬ್ಲೇಡ್ ಸೊಟ್ಟ ನಿಂತಿರುವುದೂ ಇರಬಹುದು. ಚೂಪಾದ ಬ್ಲೇಡ್ ಹಾಕಿ, ಪ್ಲಗ್ ಕಿತ್ತೇ ಅಳೆಯಿರಿ. ಒಂದು ಹಲ್ಲಿಗೆ ಗುರುತು ಹಾಕಿ. ಅದನ್ನು ಮುಂದೆ ತಂದು ಮೈಟರ್ ಸ್ಲಾಟಿನಿಂದ, ಅಂದರೆ ಟೇಬಲ್ ಮೇಲೆ ಬ್ಲೇಡಿನ ಪಕ್ಕ ಉದ್ದಕ್ಕೆ ಕೊರೆದಿರುವ ಕಾಲುವೆಯಿಂದ, ಅದರವರೆಗಿನ ದೂರ ನೋಡಿ. ಅದೇ ಹಲ್ಲನ್ನು ಹಿಂದಕ್ಕೆ ತಿರುಗಿಸಿ ಮತ್ತೆ ನೋಡಿ. ಬೇರೆ ಬೇರೆ ಹಲ್ಲು ಹಿಡಿದು ಅಳೆದರೆ ಬ್ಲೇಡಿನ ಓಲಾಟವೂ ಲೆಕ್ಕದಲ್ಲಿ ಸೇರಿಕೊಳ್ಳುತ್ತದೆ. ವ್ಯತ್ಯಾಸ 0.1 ಮಿ.ಮೀ. ಒಳಗೆ ತನ್ನಿ. ಕೆಲವು ಸಾಗಳಲ್ಲಿ ಬ್ಲೇಡಿನ ಚೌಕಟ್ಟು ಟೇಬಲ್ ಅಡಿಗೇ ಬೋಲ್ಟ್ ಆಗಿರುತ್ತದೆ. ಅಲ್ಲಿ ಚೌಕಟ್ಟನ್ನು ಸರಿಸಬೇಕು. ಚೌಕಟ್ಟು ಕೆಳಗಿನ ಪೆಟ್ಟಿಗೆಗೆ ಕೂತಿರುವ ಕ್ಯಾಬಿನೆಟ್ ಮಾದರಿಯಲ್ಲಿ ಟೇಬಲ್ಲನ್ನೇ ಸರಿಸಬೇಕು. ಒಂದು ಬೋಲ್ಟನ್ನು ಅರೆಬಿಗಿ ಇಟ್ಟು ಉಳಿದವನ್ನು ಸಡಿಲಿಸಿ, ಮೆಲ್ಲಗೆ ತಟ್ಟಿ. ಬಿಗಿ ಮಾಡಿದ ಮೇಲೆ ಮತ್ತೆ ಅಳೆಯಲೇಬೇಕು, ಬಿಗಿಯುವಾಗ ಅದು ಜರುಗುತ್ತದೆ.

ಫೆನ್ಸನ್ನು, ಅಂದರೆ ಸೀಳುವಾಗ ಮರ ಒರಗಿಸಿ ತಳ್ಳುವ ಪಟ್ಟಿಯನ್ನು, ಅದೇ ಸ್ಲಾಟಿಗೆ ಸಮಾನಾಂತರ ಮಾಡಿ. ಅದರ ಹಿಂದಿನ ತುದಿ ಬ್ಲೇಡ್ ಕಡೆ ವಾಲಿದ್ದರೆ ಮರ ನಡುವೆ ಸಿಕ್ಕಿಕೊಂಡು ನಿಮ್ಮ ಕಡೆಗೆ ಹಾರುತ್ತದೆ.

ಟೇಬಲ್ ತುಕ್ಕನ್ನು ರೇಜರ್ ಬ್ಲೇಡಿನಿಂದ ಕೆರೆದು, ಸೀಮೆಎಣ್ಣೆ ಹಚ್ಚಿ ನಾರಿನ ಪ್ಯಾಡಿನಿಂದ ಉಜ್ಜಿ. ಒರೆಸಿ ಒಣಗಿಸಿ ಪೇಸ್ಟ್ ವ್ಯಾಕ್ಸ್ (ಡಬ್ಬಿಯಲ್ಲಿ ಬರುವ ಗಟ್ಟಿ ಮೇಣ) ಹಚ್ಚಿ. ಸಿಲಿಕೋನ್ ಇರುವ ಪಾಲಿಶ್ ಬೇಡ, ಅದು ಮರಕ್ಕೆ ತಾಗಿದರೆ ಆಮೇಲೆ ವಾರ್ನಿಷ್ ಸರಿಯಾಗಿ ಹಿಡಿಯುವುದಿಲ್ಲ.

ಪ್ರಶ್ನೆ: ನನ್ನ ಹಳೆ ಸಾಗೆ ಬ್ಲೇಡ್ ಹಿಂದಿನ ರೈವಿಂಗ್ ನೈಫ್ (ಸೀಳಿದ ಮರ ಮತ್ತೆ ಕೂಡದಂತೆ ತಡೆಯುವ ತಗಡು) ಇಲ್ಲ. ಹಾಗೇ ಓಡಿಸಬಹುದಾ?

ಉತ್ತರ: ಉದ್ದಕ್ಕೆ ಸೀಳುವ ಕೆಲಸಕ್ಕೆ ಖಂಡಿತ ಬೇಡ. ಸೀಳಿದ ಮರ ಒಳಗೆ ಬಾಗಿ ಬ್ಲೇಡನ್ನು ಹಿಡಿದರೆ, ಹಿಂದಿನಿಂದ ಮೇಲೇಳುವ ಹಲ್ಲುಗಳು ಅದನ್ನು ಎತ್ತಿ ನಿಮ್ಮತ್ತ ಎಸೆಯುತ್ತವೆ. ನೈಫ್ ಕೂರಿಸುವ ಜಾಗ ನಿಮ್ಮ ಮಾದರಿಯಲ್ಲಿ ಇಲ್ಲದಿದ್ದರೆ, ಟೇಬಲ್ ಮಟ್ಟಕ್ಕೆ ಬ್ಲೇಡ್ ಸುತ್ತ ಕೂರುವ ಮುಚ್ಚಳಕ್ಕೆ, ಬ್ಲೇಡಿನ ಹಿಂದೆ ಅದೇ ಕೆಲಸ ಮಾಡುವ ಸ್ಪ್ಲಿಟರ್ ಜೋಡಿಸಿ. ಅದರ ದಪ್ಪ ಬ್ಲೇಡಿನ ತಗಡಿಗಿಂತ ಜಾಸ್ತಿ, ಹಲ್ಲು ಕೊರೆಯುವ ಅಗಲಕ್ಕಿಂತ ಸ್ವಲ್ಪ ಕಡಿಮೆ ಇರಲಿ.

ಪ್ರಶ್ನೆ: ಬ್ಲೇಡ್ ಏರಿಸುವ ಚಕ್ರ ಬಿಗಿಯಾಗಿದೆ. ಗ್ರೀಸ್ ಹಾಕಲಾ?

ಉತ್ತರ: ಬೇಡ. ಗ್ರೀಸಿಗೆ ಮರದ ಪುಡಿ ಅಂಟಿ ಇನ್ನೂ ಬಿಗಿಯಾಗುತ್ತದೆ. ಪ್ಲಗ್ ಕಿತ್ತು, ಗೇರ್ ಹಲ್ಲಿನಲ್ಲಿ ಕೂತ ಅಂಟನ್ನು ಸೀಮೆಎಣ್ಣೆ ಮತ್ತು ಹಿತ್ತಾಳೆ ಬ್ರಷ್ಷಿನಿಂದ ತೆಗೆಯಿರಿ. ಚೆನ್ನಾಗಿ ಒಣಗಿದ ಮೇಲೆ ಪೇಸ್ಟ್ ವ್ಯಾಕ್ಸ್ ಹಚ್ಚಿ, ಚಕ್ರವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಾಲ್ಕೈದು ಸಲ ಓಡಿಸಿ.